ಮಣ್ಣಿನ ಕೈ, ಶಾಯಿಯ ಕೈ

ಕ್ಲಿನಿಕ್‌ನಿಂದ ಬಂದ ಮೇಲೆ ನನ್ನ ಕೈಗಳಿಗೆ ಎರಡು ಹವ್ಯಾಸದ ಕೆಲಸ. ಸಂಜೆ ತಾರಸಿಯ ಮೇಲೆ ಬಸಳೆ, ಹರಿವೆ, ನಾಲ್ಕು ಗುಲಾಬಿ ಗಿಡ. ಇಶಾ ನಮಾಝ್ ಮುಗಿದು ಮಕ್ಕಳು ಮಲಗಿದ ಬಳಿಕ ಮೂಲೆಯ ಮೇಜಿನ ಮೇಲೆ ಲಿನೋ ಹಾಳೆ. ಅದರ ಮೇಲೆ ಬಸಳೆಯ ಬಳ್ಳಿಯನ್ನೋ ದೀಗುಜ್ಜೆಯ ಎಲೆಯನ್ನೋ ಕೊರೆದು, ರೋಲರ್‌ನಿಂದ ಶಾಯಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ.

ಯೂನಾನಿಯಲ್ಲಿ ಆರೋಗ್ಯಕ್ಕೆ ಅತ್ಯಗತ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಒಂದು; ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಇನ್ನೊಂದು. ತೋಟ ಮೊದಲನೆಯದಕ್ಕಾದರೆ ಅಚ್ಚು ಎರಡನೆಯದಕ್ಕೆ. ನಿದ್ದೆ ಬರುವುದಿಲ್ಲ ಎನ್ನುವವರಿಗೆ ನಾನು ಎರಡನ್ನೂ ಸೂಚಿಸುವುದುಂಟು. ಆದರೆ ಸೂಚಿಸುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಸಕ್ಕರೆ ಕಾಯಿಲೆ ಇದೆಯೇ?

ಕಾರಣ ಮೆಲಿಯಾಯ್ಡೋಸಿಸ್. ಹೆಸರು ಕೇಳಿದವರು ಕಡಿಮೆ, ಆದರೆ ನಮ್ಮ ಕರಾವಳಿಗೆ ಇದು ಹೊಸತಲ್ಲ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದಕ್ಕೆ ಮೂಲ. ಕೈಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ಕೆಲವರಿಗೆ ನ್ಯುಮೋನಿಯಾದಂತೆ, ಕೆಲವರಿಗೆ ಚರ್ಮದ ಮೇಲೆ ಕೀವಿನ ಗಡ್ಡೆಯಾಗಿ, ಕೆಲವರಿಗೆ ಯಕೃತ್ತಿನಲ್ಲೋ ಗುಲ್ಮದಲ್ಲೋ ಕೀವಾಗಿ ಕಾಣಿಸಿಕೊಳ್ಳುತ್ತದೆ. ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ರಕ್ತ ಅಥವಾ ಕೀವಿನ ಕಲ್ಚರ್ ಮಾಡಿಸಿದರೆ ಮಾತ್ರ ಖಚಿತವಾಗುತ್ತದೆ. ಕನಿಷ್ಠ 10ರಿಂದ 14 ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಆಮೇಲೆ ಕಡಿಮೆಯೆಂದರೆ 3 ತಿಂಗಳು ಮಾತ್ರೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಇದಕ್ಕೆ ಲಸಿಕೆ ಇಲ್ಲ. ನನ್ನ ಪದ್ಧತಿಯ ಮದ್ದಿನಿಂದ ಇದನ್ನು ಗುಣಪಡಿಸುತ್ತೇನೆಂದು ನಾನು ಹೇಳುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ತೋಟದ ಕೆಲಸ ಮಾಡುವ ಮಧುಮೇಹಿಗೆ ಮಳೆಗಾಲದಲ್ಲಿ ಬಿಡದ ಜ್ವರ ಬಂದರೆ ‘ನಾನು ಮಣ್ಣು ಮುಟ್ಟುತ್ತೇನೆ’ ಎಂದು ಆಸ್ಪತ್ರೆಯ ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳದೇ ಇರಬಹುದು.

ಹಾಗಂತ ಗಿಡ ಬಿಡಬೇಕಿಲ್ಲ. ರಬ್ಬರ್ ಗ್ಲೌಸ್, ಮೊಣಕಾಲಿನವರೆಗಿನ ಬೂಟು, ಗಾಯವಿದ್ದರೆ ನೀರು ಒಳಹೋಗದ ಪಟ್ಟಿ, ಜೋರು ಮಳೆಯ ದಿನ ರಜೆ. ಬರಿಗಾಲು ಬೇಡವೇ ಬೇಡ. ಮಣ್ಣು, ಗೊಬ್ಬರದ ಗಾಯಕ್ಕೆ ಧನುರ್ವಾಯುವಿನ ಭಯ ಬೇರೆ; ಲಸಿಕೆ ಹಾಕಿಸಿ 10 ವರ್ಷ ಆಗಿದ್ದರೆ ಮತ್ತೆ ಹಾಕಿಸಿಕೊಳ್ಳಿ, ಗಾಯ ಕೊಳೆಯಾಗಿದ್ದರೆ 5 ವರ್ಷಕ್ಕೇ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ, ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುವುದು.

ಇನ್ನು ಶಾಯಿಯ ಕೈ. ನಿವೃತ್ತ ಡ್ರಾಯಿಂಗ್ ಮಾಸ್ಟ್ರೊಬ್ಬರು ಬಂದಿದ್ದರು. ಬೆರಳುಗಳು ಕೆಂಪಾಗಿ, ಒಣಗಿ, ಗಂಟುಗಳಲ್ಲಿ ಬಿರಿದು ರಕ್ತ ಜಿನುಗುತ್ತಿತ್ತು. “ಮಾಸ್ಟ್ರೇ, ಕೈ ಯಾವುದರಲ್ಲಿ ತೊಳೀತೀರಿ?” ಎಂದೆ. “ಥಿನ್ನರ್‌ನಲ್ಲಿ ಡಾಕ್ಟ್ರೇ. ವುಝೂ ಮಾಡುವ ಮುಂಚೆ ಉಗುರಿನ ಮೇಲಿನ ಶಾಯಿ ಹೋಗಬೇಡ್ವಾ?”

ಅವರ ಎಚ್ಚರ ಸರಿ, ಥಿನ್ನರ್ ತಪ್ಪು. ಥಿನ್ನರ್, ಟರ್ಪೆಂಟೈನ್, ಸೀಮೆಎಣ್ಣೆ ಶಾಯಿಯ ಜೊತೆ ಚರ್ಮದ ಎಣ್ಣೆಯನ್ನೂ ಎಳೆದು ತೆಗೆಯುತ್ತವೆ. ದಿನಕ್ಕೆ ಹಲವು ಸಲ ಹಾಗೆ ಮಾಡಿದರೆ ಯಾರ ಕೈಯೂ ಉಳಿಯದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಹಬೆ ತಲೆನೋವನ್ನೂ ತರುತ್ತದೆ. ಎಣ್ಣೆ ಶಾಯಿಗೆ ಎಣ್ಣೆಯೇ ಮದ್ದು. ಶಾಯಿ ಒಣಗುವ ಮುಂಚೆ ಬಟ್ಟೆಯಿಂದ ಒರೆಸಿ, ಒಂದು ಚಮಚ ತೆಂಗಿನೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಉಗುರಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ, ಕೊನೆಗೆ ಸೋಪು. ಮದರಂಗಿಯ ಹಾಗೆ ಬರೀ ಬಣ್ಣ ಉಳಿದರೆ ಅಡ್ಡಿಯಿಲ್ಲ, ನೀರು ತಡೆಯುವ ಪದರ ಉಳಿಯಬಾರದು. ನಾನಂತೂ ಗ್ಲೌಸ್ ಹಾಕುತ್ತೇನೆ, ಅಚ್ಚು ತೆಗೆಯುವುದನ್ನು ಇಶಾದ ನಂತರಕ್ಕೇ ಇಟ್ಟುಕೊಂಡಿದ್ದೇನೆ.

ಮಾಸ್ಟ್ರಿಗೆ ಥಿನ್ನರ್ ಬಿಡಿಸಿ, ಕೈರೂತಿ ಕೊಟ್ಟೆ. ಜೇನುಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಮಾಡುವ ಹಳೆಯ ಲೇಪ ಅದು. ತೊಳೆದ ಕೈ ಇನ್ನೂ ತುಸು ತೇವವಿರುವಾಗ, ರಾತ್ರಿ ಮಲಗುವ ಮುಂಚೆ ಹಚ್ಚಬೇಕು.

ಎರಡು ಅಪಾಯಗಳನ್ನು ಮನೆಯವರೆಲ್ಲ ತಿಳಿದಿರಲಿ. ಅಗಸೆ ಎಣ್ಣೆಯ ಶಾಯಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ. ಥಿನ್ನರನ್ನು ಎಂದೂ ಜ್ಯೂಸ್ ಬಾಟಲಿಗೆ ತುಂಬಬೇಡಿ. ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಿರಿ.

ಬಣ್ಣದ ಬಗ್ಗೆ ಹಕೀಮರಿಗೆ ಬೇರೆಯದೇ ಪರಿಚಯ. ಶಿಂಗ್ರಫ್, ಹರತಾಳ, ಜಂಗಾರ್ ನಮ್ಮ ಔಷಧಗ್ರಂಥಗಳಲ್ಲೂ ಇವೆ, ಹಳೆಯ ಚಿತ್ರಕಾರರ ಬಟ್ಟಲುಗಳಲ್ಲೂ ಇದ್ದವು. ಒಂದರಲ್ಲಿ ಪಾದರಸ, ಒಂದರಲ್ಲಿ ಆರ್ಸೆನಿಕ್, ಒಂದರಲ್ಲಿ ತಾಮ್ರ. ಕ್ರೋಮ್ ಹಳದಿಯಲ್ಲಿ ಸೀಸ. ಆದ್ದರಿಂದ ಹೆಸರಿಲ್ಲದ ಬಿಡಿ ಬಣ್ಣದ ಪುಡಿ ತಂದು ಮನೆಯಲ್ಲಿ ಶಾಯಿ ಕಲಸಬೇಡಿ, ಶಾಯಿಯ ಮೇಜಿನ ಹತ್ತಿರ ಚಹಾ ಲೋಟ ಇಡಬೇಡಿ. ಕಪ್ಪು ಶಾಯಿಯ ಬಣ್ಣ ಬಹುತೇಕ ಬರೀ ಇಂಗಾಲ. ಮಕ್ಕಳಿಗೆ ಕಲಿಸುವುದಾದರೆ ನೀರಿನಲ್ಲಿ ತೊಳೆದುಹೋಗುವ ಕಪ್ಪು ಶಾಯಿ, ಲಿನೋ ಬದಲು ಬೆಂಡೆಕಾಯಿಯ ತುಂಡು ಸಾಕು; ಉಳಿ ಬೇಡ.

ದೊಡ್ಡವರು ಲಿನೋ ಹಾಳೆಯನ್ನು ಕೊರೆಯುವ ಮುಂಚೆ ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಗಟ್ಟಿ ಲಿನೋದ ಮೇಲೆ ಬಲ ಹಾಕಿದಾಗಲೇ ಉಳಿ ಜಾರುವುದು. ಎಡಗೈ ಯಾವಾಗಲೂ ಉಳಿಯ ಹಿಂದೆ ಇರಲಿ.