ಈರುಳ್ಳಿ ಲೆಕ್ಕಕ್ಕೊಂದು ವಿಂಡೋ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯಲ್ಲಿ ಈರುಳ್ಳಿ, ಶೇಂಗಾ ಬೆಳೆಯುವ ಮನೆಯ ಹುಡುಗಿಯೊಬ್ಬಳು ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಕಲಿಯಲು ಹೊರಟರೆ, ಮೊದಲು ಮನೆಗೆ ಬೇಕಾದ ಲೆಕ್ಕವೊಂದನ್ನೇ ಹಿಡಿಯಲಿ ಎನ್ನುತ್ತೇನೆ. ಚೀಲ ಎಷ್ಟು, ಚೀಲಕ್ಕೆ ಎಷ್ಟು ಕೆಜಿ, ಕ್ವಿಂಟಲ್ ದರ ಏನು, ಹಮಾಲಿ ಕಳೆದು ಕೈಗೆ ಬರುವುದೆಷ್ಟು. ಉತ್ತರ ಸರಿಯೋ ತಪ್ಪೋ ಎಂದು ಅಪ್ಪನೇ ಹೇಳಬಲ್ಲ. ಕಲಿಯುವವರಿಗೆ ಅದು ದೊಡ್ಡ ಅನುಕೂಲ.

ಹಳೆಯ ಲ್ಯಾಪ್‌ಟಾಪ್ ಸಾಕು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡರೆ ವಿಂಡೋ, ಬಟನ್‌ಗಳನ್ನು ಕಟ್ಟುವ ಟಿಕಿಂಟರ್ ಎಂಬ ಲೈಬ್ರರಿಯೂ ಜೊತೆಗೇ ಬರುತ್ತದೆ. ಆಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ತೊಡಕು ಬೇರೆ ಕಡೆ ಇದೆ. ಶಾಲೆಯಲ್ಲಿ ಕಲಿಸುವ ಪ್ರೋಗ್ರಾಂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓಡಿ ಮುಗಿಯುತ್ತದೆ. ವಿಂಡೋ ಇರುವ ಪ್ರೋಗ್ರಾಂ ಹಾಗಲ್ಲ. ಅದು ಬಾಗಿಲು ತೆರೆದು ಕೂತ ಕಿರಾಣಿ ಅಂಗಡಿಯವನಂತೆ, ಯಾರು ಬಂದು ಏನು ಕೇಳುತ್ತಾರೋ ಅದಕ್ಕೆ ತಕ್ಕಂತೆ ಏಳುತ್ತದೆ. ಟಿಕಿಂಟರ್‌ನಲ್ಲಿ ಈ ಕಾಯುವಿಕೆಯ ಹೆಸರು ಮೇನ್‌ಲೂಪ್. ಮೌಸ್ ಒತ್ತಿದ್ದು, ಕೀಲಿ ತಟ್ಟಿದ್ದು ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ಲೂಪ್ ಒಂದೊಂದನ್ನೇ ಎತ್ತಿಕೊಂಡು ಅದಕ್ಕೆಂದು ಬರೆದ ಫಂಕ್ಷನ್ ನಡೆಸುತ್ತದೆ. ಆ ಫಂಕ್ಷನ್ ಒಂದು ನಿಮಿಷ ತೆಗೆದುಕೊಂಡರೆ ಉಳಿದದ್ದೆಲ್ಲ ಅಲ್ಲಿಯವರೆಗೆ ಕಾಯಬೇಕು. ‘ನಾಟ್ ರೆಸ್ಪಾಂಡಿಂಗ್’ ಎಂದು ವಿಂಡೋ ಮಂಕಾಗುವುದು ಸಾಮಾನ್ಯವಾಗಿ ಹೀಗೆಯೇ. ಕಂಪ್ಯೂಟರ್ ಕೆಟ್ಟಿರುವುದಿಲ್ಲ, ಲೂಪ್‌ಗೆ ಬಿಡುವಿರುವುದಿಲ್ಲ, ಅಷ್ಟೆ.

ಇನ್ನೊಂದು ಕಡೆ ಬಹುಮಂದಿ ಎಡವುತ್ತಾರೆ. ಬೆಳಿಗ್ಗೆ 40 ಚೀಲ, ಸಂಜೆ 25 ಚೀಲ ಎಂದು ಎರಡು ಬಾಕ್ಸ್‌ಗಳಲ್ಲಿ ತುಂಬಿ ಕೂಡಿಸಿದರೆ 4025 ಎಂದು ಬರುತ್ತದೆ! ಬಾಕ್ಸ್ ಕೊಡುವುದು ಸಂಖ್ಯೆಯನ್ನಲ್ಲ, ಬರೆದ ಗುರುತುಗಳನ್ನು. ಪೈಥಾನ್ ಅವನ್ನು ಒಂದರ ಪಕ್ಕ ಒಂದು ಜೋಡಿಸಿಬಿಡುತ್ತದೆ. ಇಂಟ್ ಎಂಬ ಫಂಕ್ಷನ್ ಮೂಲಕ ಹಾಯಿಸಿದ ಮೇಲಷ್ಟೇ 65.

ಬಟನ್ ಮೇಲೆ ‘ಲೆಕ್ಕ ಹಾಕು’ ಎಂದು ಕನ್ನಡದಲ್ಲೇ ಬರೆಯಬಹುದು, ಬರೆಯಲೇಬೇಕು. 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ಡೆಸ್ಕ್‌ಟಾಪ್ ತಂತ್ರಾಂಶಗಳೇ. ಕನ್ನಡ ನಮ್ಮ ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಬೇರೂರಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಇಂದು ಯೂನಿಕೋಡ್ ಇದೆ, ಆದರೂ ಎಚ್ಚರ ಬೇಕು. ‘ತುರುವನೂರು’ ನಮ್ಮ ಕಣ್ಣಿಗೆ ಐದು ಅಕ್ಷರ, ಪೈಥಾನ್ ಎಣಿಸಿದರೆ 9. ತಕಾರ ಒಂದು, ಅದರ ಕೊಂಬು ಇನ್ನೊಂದು, ಹೀಗೆ. ರಸೀದಿಯಲ್ಲಿ ಜಾಗ ಸಾಲದೆಂದು ಮೊದಲ 8 ಗುರುತುಗಳನ್ನಷ್ಟೇ ಉಳಿಸಿದರೆ ಕೊನೆಯ ಕೊಂಬು ಕಳಚಿ ‘ತುರುವನೂರ’ ಎಂದಾಗುತ್ತದೆ.

ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಉದಾರಿ. ಅಜ್ಜ ‘೪೦’ ಎಂದು ತುಂಬಿದರೂ ಇಂಟ್ ಅದನ್ನು 40 ಎಂದೇ ಓದುತ್ತದೆ. ಇಷ್ಟು ಕೈವಶವಾದ ಮೇಲೆ ಪ್ರತಿದಿನದ ಲೆಕ್ಕ ಉಳಿಸಿಡುವ ಪಾಠ. ಅದಕ್ಕೆ ಬೇಕಾದ ಡೇಟಾಬೇಸ್ ಎಸ್‌ಕ್ಯುಲೈಟ್ ಕೂಡ ಪೈಥಾನ್ ಜೊತೆಗೇ ಬಂದಿರುತ್ತದೆ.