ಮನೆಯ ಸಾಮಾನು ಹಡಗನ್ನೇರುವಾಗ

ಪರದೇಶದಲ್ಲಿ ಸಂಸಾರ ಹೂಡಹೊರಟ ಗೃಹಸ್ಥನಾಗಲಿ, ಬಹುಕಾಲದ ಮೇಲೆ ಸ್ವದೇಶಕ್ಕೆ ಮರಳುವವನಾಗಲಿ, ಮಂಚ ಪೆಟ್ಟಿಗೆ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸತೊಡಗಿದೊಡನೆ ಕೆಲವು ಅಪರಿಚಿತ ಶಬ್ದಗಳನ್ನು ಎದುರಿಸಬೇಕಾಗುವುದು. ಒಂದೊಂದು ಶಬ್ದದ ಹಿಂದೆಯೂ ಹಣ ತೆರತಕ್ಕವರು ಯಾರೆಂಬ ನಿರ್ಣಯವು ಅಡಗಿರುತ್ತದೆಯಾದುದರಿಂದ ರುಜು ಹಾಕುವುದಕ್ಕೆ ಮೊದಲೇ ಅವುಗಳ ಅರ್ಥವನ್ನು ತಿಳಿದಿರುವುದು ಒಳ್ಳೆಯದು.

1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬಾತನು 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹಡಗಿನಲ್ಲಿ ಸಾಗಿಸಿದಂದಿನಿಂದ ಕಂಟೇನರೆಂಬ ಪೆಟ್ಟಿಗೆಯು ಲೋಕದಲ್ಲೆಲ್ಲ ಹಬ್ಬಿತು. 20 ಅಡಿಯ ಕಂಟೇನರಿನಲ್ಲಿ ಸುಮಾರು 33 ಘನಮೀಟರು ಸ್ಥಳವುಂಟು. ಇಡಿಯ ಪೆಟ್ಟಿಗೆಯನ್ನು ತಾನೊಬ್ಬನೇ ಹಿಡಿದರೆ ಎಫ್.ಸಿ.ಎಲ್.; ಪರರೊಡನೆ ಹಂಚಿಕೊಂಡರೆ ಎಲ್.ಸಿ.ಎಲ್. ಎರಡನೆಯದಕ್ಕೆ ಆಕ್ರಮಿಸಿದಷ್ಟು ಸ್ಥಳಕ್ಕೆ ಮಾತ್ರ ಬಾಡಿಗೆಯೆಂಬುದು ನಿಜ. ಆದರೆ ಇದು ಅವಿಭಕ್ತ ಕುಟುಂಬದ ಹಾಗೆ: ಒಬ್ಬನ ಕಾಗದಪತ್ರ ಸರಿಯಿಲ್ಲದೆ ಸುಂಕದವರು ತಡೆದರೆ ಉಳಿದವರೂ ಕಾಯಬೇಕಾದೀತು.

ಬೆಂಗಳೂರಿಗೆ ಬರುವ ಕಂಟೇನರುಗಳು ಚೆನ್ನೈ ಬಂದರಿನಿಂದ ರೈಲಿನಲ್ಲಿ ವೈಟ್‌ಫೀಲ್ಡಿನ ಡಿಪೋವಿಗೆ ಬಂದು ಅಲ್ಲಿ ಸುಂಕದ ತಪಾಸಣೆಗೆ ಒಳಗಾಗುವುದುಂಟು. ತಲಪಿಸುವೆವೆಂಬ ಮಾತು ಬಂದರಿನವರೆಗೋ, ಡಿಪೋವಿನವರೆಗೋ, ಮನೆಯ ಬಾಗಿಲವರೆಗೋ ಎಂದು ಕೇಳಿ ಬರೆಯಿಸಿಕೊಳ್ಳಬೇಕು. ಉಚಿತವಾಗಿ ಕೊಟ್ಟ ದಿನಗಳು ಕಳೆದ ಮೇಲೂ ತುಂಬಿದ ಕಂಟೇನರು ಬಂದರಿನಲ್ಲೇ ಉಳಿದರೆ ತೆರುವ ದಂಡ ಡೆಮರೇಜ್. ಹೊರಗೆ ತಂದು ಖಾಲಿಮಾಡಿ ಹಿಂದಿರುಗಿಸಲು ತಡಮಾಡಿದರೆ ಡಿಟೆನ್ಷನ್. ಇವೆರಡೂ ದಿನಲೆಕ್ಕದಲ್ಲಿ ಬೆಳೆಯತಕ್ಕವು.

ಸಾಮಾನಿನ ಪಟ್ಟಿಯಲ್ಲಿ ಪಿ.ಬಿ.ಓ. ಎಂಬ ಮೂರಕ್ಷರ ಕಂಡರೆ ಗೃಹಿಣಿಯರು ವಿಶೇಷವಾಗಿ ಲಕ್ಷ್ಯವಿಡಲಿ. ಮಾಲೀಕರೇ ಕಟ್ಟಿದ್ದು ಎಂಬುದು ಅದರರ್ಥ. ಅಜ್ಜಿಯ ಕಾಲದ ಪಿಂಗಾಣಿಯನ್ನು ಸೀರೆಯಲ್ಲಿ ಸುತ್ತಿ ಎಷ್ಟೇ ಜೋಪಾನವಾಗಿ ಕಟ್ಟಿದ್ದರೂ, ಅಂಥ ಪೆಟ್ಟಿಗೆಯೊಳಗೆ ಒಡೆದುದಕ್ಕೆ ವಿಮೆಯವರು ಸಾಮಾನ್ಯವಾಗಿ ಪರಿಹಾರ ಕೊಡರು. ಒಡೆಯುವಂಥವನ್ನು ಸಾಗಣೆಯವರ ಕೈಯಿಂದಲೇ ಕಟ್ಟಿಸುವುದು ಲೇಸು.

ಎಲ್ಲಕ್ಕಿಂತ ಮೋಸಗೊಳಿಸುವ ಮಾತು ಜನರಲ್ ಆವರೇಜ್. ಇದನ್ನು ಸರಾಸರಿಯೆಂದು ತಿಳಿಯಬಾರದು; ಇಲ್ಲಿ ಆವರೇಜ್ ಎಂದರೆ ನಷ್ಟ. ಹಡಗನ್ನೂ ಸರಕನ್ನೂ ಒಟ್ಟಿಗೆ ಉಳಿಸುವ ಸಲುವಾಗಿ ಬುದ್ಧಿಪೂರ್ವಕವಾಗಿ ಮಾಡಿದ ತ್ಯಾಗವನ್ನಾಗಲಿ ವೆಚ್ಚವನ್ನಾಗಲಿ, ಉಳಿದ ಸ್ವತ್ತಿನ ಬೆಲೆಗನುಗುಣವಾಗಿ ಎಲ್ಲರೂ ಹೊರಬೇಕೆಂಬ ಈ ನ್ಯಾಯವು ರೋಡ್ಸ್ ದ್ವೀಪದವರದೆಂದು ಜಸ್ಟಿನಿಯನ್ ಚಕ್ರವರ್ತಿಯ ಧರ್ಮಸಂಗ್ರಹದಲ್ಲಿಯೇ ಹೇಳಿದೆ. 2021ರ ಮಾರ್ಚಿಯಲ್ಲಿ ಎವರ್ ಗಿವನ್ ಎಂಬ ಹಡಗು ಸುಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಕೊಂಡು ಬಿಡುಗಡೆಯಾದ ಮೇಲೆ ಅದರ ಒಡೆಯರು ಇದನ್ನೇ ಘೋಷಿಸಿದರು. ಅದರಲ್ಲಿದ್ದ ಕಂಟೇನರುಗಳು ಸುಮಾರು 18,000. ಹೀಗೆ ಘೋಷಿಸಿದಾಗ, ತನ್ನದೊಂದು ಲೋಟವೂ ಜಖಂ ಆಗದಿದ್ದವನು ಸಹ ಜಾಮೀನು ಒದಗಿಸುವ ತನಕ ಸಾಮಾನು ಕೈಸೇರದು. ವಿಮೆಯುಳ್ಳವನ ಪರವಾಗಿ ವಿಮೆಯ ಕಂಪನಿಯು ಜಾಮೀನುಪತ್ರ ಬರೆದುಕೊಡುತ್ತದೆ. ವಿಮೆಯಿಲ್ಲದವನು ಸಾಮಾನ್ಯವಾಗಿ ನಗದು ಠೇವಣಿಯನ್ನೇ ಇಡಬೇಕು.