ಟೋನ್ ಗುಂಡಿಯ ಹಿಂದಿನ ಕೆಪಾಸಿಟರ್

1950ರ ದಶಕದ ಕೊನೆಯ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿದರೆ, ಟೋನ್ ಗುಂಡಿಗಳ ಬೆನ್ನಿಗೆ ಬೆಸುಗೆ ಹಾಕಿರುವ ಕಪ್ಪು ಕೊಳವೆಯಾಕಾರದ ಕೆಪಾಸಿಟರ್‌ಗಳು ಕಾಣುತ್ತವೆ. ಮೈಮೇಲೆ ಬಣ್ಣಬಣ್ಣದ ಪಟ್ಟಿಗಳಿರುವ ಈ ಸ್ಪ್ರೇಗ್ ಕೆಪಾಸಿಟರ್‌ಗಳನ್ನು ಗಿಟಾರ್ ಲೋಕ ‘ಬಂಬಲ್‌ಬೀ’ ಎಂದು ಕರೆಯುತ್ತದೆ. ಹಳೆಯ ಒಂದು ಜೋಡಿಗೆ ಸಂಗ್ರಾಹಕರು ನೂರಾರು ಡಾಲರ್ ತೆರುತ್ತಾರೆ. ಅಷ್ಟೇ ಮೌಲ್ಯದ, ಅಂದರೆ 0.022 ಮೈಕ್ರೋಫ್ಯಾರಡ್‌ನ ಸಿರಾಮಿಕ್ ಬಿಲ್ಲೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಎಣ್ಣೆಯಲ್ಲಿ ನೆನೆಸಿದ ಕಾಗದದ ಕೆಪಾಸಿಟರ್ ಹಾಕಿದರೆ ನಾದ ಬೆಚ್ಚಗಾಗುತ್ತದೆ, ಸಿರಾಮಿಕ್ ಹಾಕಿದರೆ ಒರಟಾಗುತ್ತದೆ ಎಂಬ ನಂಬಿಕೆಗೆ ಕೊಡುವ ಬೆಲೆ ಇದು. ಸರ್ಕ್ಯೂಟು ಬೇರೆಯದನ್ನೇ ಹೇಳುತ್ತದೆ: ಕೆಪಾಸಿಟರಿನ ಮೌಲ್ಯ ಬದಲಾದರೆ ಕಿವಿಗೆ ಖಂಡಿತ ಗೊತ್ತಾಗುತ್ತದೆ, ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದು ಗೊತ್ತಾಗುವುದಿಲ್ಲ.

ಇದಕ್ಕೆ ಕಾರಣ ತಿಳಿಯಲು ಪಿಕಪ್‌ನಿಂದಲೇ ಶುರುಮಾಡಬೇಕು. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಗುತ್ತದೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಫೆಂಡರ್ ಸ್ಟ್ರಾಟೊಕಾಸ್ಟರಿನಂಥ ಗಿಟಾರಿನ ಪಿಕಪ್‌ಗೆ ಸುಮಾರು 6,000 ಓಮ್ ರೋಧ, 2.2 ಹೆನ್ರಿಯಷ್ಟು ಇಂಡಕ್ಟನ್ಸ್ ಇರುತ್ತದೆ. ಇಂಥ ಸುರುಳಿಗೆ ಕೆಪಾಸಿಟರ್ ಜೊತೆಯಾದರೆ ಯಾವುದೋ ಒಂದು ಆವರ್ತನದಲ್ಲಿ ಎರಡೂ ಅನುರಣಿಸುತ್ತವೆ. ಅಲ್ಲಿ ದನಿ ಉಬ್ಬುತ್ತದೆ, ಅದರಿಂದಾಚೆಗೆ ಕುಸಿಯುತ್ತದೆ. ಎಲೆಕ್ಟ್ರಿಕ್ ಗಿಟಾರಿನ ನಾದದ ಗುಟ್ಟೆಲ್ಲ ಈ ಉಬ್ಬು ಎಲ್ಲಿ ಕೂತಿದೆ ಎನ್ನುವುದರಲ್ಲಿದೆ ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ.

ಸ್ಟ್ರಾಟಿನಲ್ಲಿ ಟೋನ್ ಗುಂಡಿ ಎಂದರೆ 2,50,000 ಓಮ್‌ನ ಬದಲಾಗುವ ರೋಧಕ. ಅದರ ಹಿಂದೆ ಸರಣಿಯಲ್ಲಿ ಕೆಪಾಸಿಟರ್, ಅದರಾಚೆ ಗ್ರೌಂಡ್. ಗುಂಡಿ 10ರಲ್ಲಿದ್ದಾಗ ಸಿಗ್ನಲ್ಲಿಗೂ ಕೆಪಾಸಿಟರಿಗೂ ನಡುವೆ ಆ ಎರಡೂವರೆ ಲಕ್ಷ ಓಮ್ ಪೂರ್ತಿಯಾಗಿ ಅಡ್ಡ ನಿಂತಿರುತ್ತದೆ. 0.022ರ ಕೆಪಾಸಿಟರ್ ಸಾವಿರ ಹರ್ಟ್ಸ್‌ನಲ್ಲಿ ಒಡ್ಡುವ ತಡೆಯಾದರೋ ಸುಮಾರು 7,200 ಓಮ್ ಮಾತ್ರ. ಎರಡೂ ಸೇರಿದ ಒಟ್ಟು ತಡೆ 2,50,100 ಓಮ್‌ನಷ್ಟಾಗುತ್ತದೆ. ಆದ್ದರಿಂದ ‘ಹೊಸ ಕೆಪಾಸಿಟರ್ ಹಾಕಿದ ಮೇಲೆ ಗುಂಡಿ ಪೂರ್ತಿ ತೆರೆದಾಗಲೂ ದನಿ ಅರಳಿತು’ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಕೆಪಾಸಿಟರ್ ಕಾರಣವಾಗಿರಲು ಸಾಧ್ಯವಿಲ್ಲ.

ಗುಂಡಿಯನ್ನು ಸೊನ್ನೆಗೆ ತಿರುಗಿಸಿ ನೋಡಿ. ಈಗ ಕೆಪಾಸಿಟರ್ ನೇರವಾಗಿ ಸುರುಳಿಗೆ ಅಂಟಿಕೊಂಡಂತಾಗಿ, ಉಬ್ಬು ಕೆಳಕ್ಕೆ ಜಾರುತ್ತದೆ. 0.022 ಆದರೆ ಅದು ಸುಮಾರು 720 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ, 0.047 ಆದರೆ ಸುಮಾರು 495ಕ್ಕೆ. ಮೊದಲ ತಂತಿಯ ಏಳನೇ ಫ್ರೆಟ್ಟಿನ ಸ್ವರವೂ ಹತ್ತಿರ ಹತ್ತಿರ ಅಷ್ಟೇ ಆವರ್ತನದ್ದು. ಈ ಎರಡರ ನಡುವಿನ ವ್ಯತ್ಯಾಸ ಎಂಥವರಿಗೂ ಕೇಳಿಸುತ್ತದೆ. 1967ರಲ್ಲಿ ಕ್ರೀಮ್ ತಂಡದ ಎರಿಕ್ ಕ್ಲಾಪ್ಟನ್ ಗಿಬ್ಸನ್ನಿನ ಟೋನ್ ಇಳಿಸಿ, ಆಂಪ್ಲಿಫೈಯರನ್ನು ಜೋರು ಮಾಡಿ ತೆಗೆದ ‘ವುಮನ್ ಟೋನ್’ ಹುಟ್ಟಿದ್ದು ಹೀಗೆ ಕೆಳಗಿಳಿದ ಉಬ್ಬಿನಿಂದಲೇ.

ಹಾಗಾದರೆ ಕಾಗದ, ಎಣ್ಣೆ, ಪಾಲಿಯೆಸ್ಟರ್, ಸಿರಾಮಿಕ್? ಅಗ್ಗದ ಸಿರಾಮಿಕ್ಕಿನಲ್ಲಿ ನಷ್ಟ ಹೆಚ್ಚು ಎನ್ನುವುದು ನಿಜ. ಅದನ್ನು ಶೇಕಡಾ 2.5 ಎಂದೇ ಹಿಡಿದರೂ ಸಾವಿರ ಹರ್ಟ್ಸ್‌ನಲ್ಲಿ 180 ಓಮ್ ಆಗುತ್ತದೆ. 6,000 ಓಮ್‌ನ ಸುರುಳಿಯ ಜೊತೆ ಸರಣಿಯಲ್ಲಿ ಅದು ಬಂದು ಕೂತರೆ ಉಬ್ಬಿನ ಎತ್ತರ ಕಾಲು ಡೆಸಿಬೆಲ್ ಆಸುಪಾಸು ತಗ್ಗೀತು, ಅಷ್ಟೇ. ಸಿರಾಮಿಕ್ಕಿನ ಇನ್ನೊಂದು ದೋಷವೆಂದರೆ ವೋಲ್ಟೇಜ್ ಏರಿದಂತೆ ಅದರ ಮೌಲ್ಯ ಬದಲಾಗುವುದು. ಆದರೆ ಹತ್ತಾರು ವೋಲ್ಟ್ ತಡೆಯುವಂತೆ ಮಾಡಿದ ಬಿಲ್ಲೆಗೆ ಪಿಕಪ್ ಕೊಡುವುದು ಹೆಚ್ಚೆಂದರೆ ಒಂದು ವೋಲ್ಟಿನ ಆಸುಪಾಸು. ನೂರಾರು ವೋಲ್ಟ್ ಹರಿಯುವ ವಾಲ್ವ್ ಆಂಪ್ಲಿಫೈಯರಿನ ಒಳಗಿನ ಮಾತೇ ಬೇರೆ. ಅಲ್ಲಿ ಒಳ್ಳೆಯ ಕೆಪಾಸಿಟರಿಗೆ ನಿಜವಾದ ಕೆಲಸವಿದೆ. ಅಲ್ಲಿಯ ಕೀರ್ತಿ ಗಿಟಾರಿನೊಳಕ್ಕೂ ಹರಿದು ಬಂದಿರಬಹುದು ಎಂದು ನನ್ನ ಊಹೆ.

ಹಾಗೆಂದು ವ್ಯತ್ಯಾಸ ಕೇಳಿಸಿತು ಎನ್ನುವವರನ್ನು ಸುಳ್ಳುಗಾರರೆಂದು ಭಾವಿಸುವುದು ಅನ್ಯಾಯ. ಅಗ್ಗದ ಬಿಲ್ಲೆಗಳ ಮೌಲ್ಯ ಬರೆದದ್ದಕ್ಕಿಂತ ಶೇಕಡಾ 20ರಷ್ಟು ಆಚೀಚೆ ಇರಬಹುದು. ಹಳೆಯ ಕಾಗದದ ಕೆಪಾಸಿಟರ್ ತೇವ ಹೀರಿಕೊಂಡು ಮೌಲ್ಯ ಬದಲಿಸಿಕೊಂಡಿರುತ್ತದೆ, ಜೊತೆಗೆ ಸೋರುತ್ತಲೂ ಇರುತ್ತದೆ. ಹೀಗಾಗಿ ಎರಡು ವಸ್ತುಗಳನ್ನು ಹೋಲಿಸುತ್ತಿದ್ದೇವೆ ಎಂದುಕೊಂಡವರು ಎರಡು ಮೌಲ್ಯಗಳನ್ನು ಹೋಲಿಸಿರುತ್ತಾರೆ. ಬೆಸುಗೆ ಬಿಡಿಸಿ ಮತ್ತೆ ಹಾಕುವಷ್ಟರಲ್ಲಿ ಹಿಂದಿನ ದನಿಯ ಸೂಕ್ಷ್ಮಗಳು ನೆನಪಿನಿಂದ ಜಾರಿರುತ್ತವೆ. ನ್ಯಾಯವಾದ ಪರೀಕ್ಷೆ ಬೇಕೆಂದರೆ ಮೀಟರಿನಲ್ಲಿ ಅಳೆದು ಒಂದೇ ಮೌಲ್ಯಕ್ಕೆ ಹೊಂದಿಸಿದ ಬೇರೆ ಬೇರೆ ಕೆಪಾಸಿಟರ್‌ಗಳನ್ನು ಒಂದು ತಿರುಗುವ ಸ್ವಿಚ್ಚಿಗೆ ಜೋಡಿಸಬೇಕು. ಸ್ವಿಚ್ ತಿರುಗಿಸುವವರು ಬೇರೆಯವರಾಗಿರಬೇಕು, ಯಾವುದಕ್ಕೆ ತಿರುಗಿಸಿದರು ಎಂಬುದು ಕೇಳುವವರಿಗೆ ತಿಳಿಯಬಾರದು.

ನನಗೆ ಅಚ್ಚರಿಯೆನಿಸುವುದು, ಇಷ್ಟೆಲ್ಲ ಚರ್ಚೆಯ ನಡುವೆ ಎಲ್ಲರ ಕಣ್ಣೆದುರೇ ಬಿದ್ದಿರುವ ಇನ್ನೊಂದು ಕೆಪಾಸಿಟರ್ ಯಾರ ಗಮನಕ್ಕೂ ಬಾರದೆ ಉಳಿಯುವುದು. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಅದು. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದು ಹಿಡಿದರೆ, ಐದು ಮೀಟರ್ ಕೇಬಲ್ ಹಾಕಿದಾಗ ಸ್ಟ್ರಾಟಿನ ಉಬ್ಬು 4,400 ಹರ್ಟ್ಸ್ ಹತ್ತಿರ ಇರುತ್ತದೆ. ಹತ್ತು ಮೀಟರ್ ಹಾಕಿದರೆ 3,200ಕ್ಕೆ ಇಳಿಯುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವ ಜಾಗ ಇದೇ. ಅದೂ ಟೋನ್ ಗುಂಡಿ 10ರಲ್ಲಿರುವಾಗ! ಜಿಮಿ ಹೆಂಡ್ರಿಕ್ಸ್ ಬಳಸುತ್ತಿದ್ದ ಉದ್ದನೆಯ ಸುರುಳಿ ಕೇಬಲ್‌ಗಳು ಸ್ಟ್ರಾಟಿನ ಚುರುಕನ್ನು ಹೀಗೆಯೇ ಮೊದಲೇ ಮೆದುಗೊಳಿಸುತ್ತಿದ್ದವು.

ಕೆಪಾಸಿಟರ್ ಬದಲಿಸಲೇಬೇಕೆಂಬ ಆಸೆಯಿದ್ದರೆ 0.0047 ಮೈಕ್ರೋಫ್ಯಾರಡ್‌ನ ಮಾಮೂಲಿ ಪಾಲಿಯೆಸ್ಟರ್ ಒಂದನ್ನು ಹಾಕಿ ನೋಡಿ. ಗುಂಡಿ ಸೊನ್ನೆಗೆ ಬಂದಾಗ ಉಬ್ಬು 1,500 ಹರ್ಟ್ಸ್ ಮೇಲೆಯೇ ಉಳಿಯುತ್ತದೆ. ದನಿ ಮಬ್ಬಾಗುವ ಬದಲು, ವಾ ಪೆಡಲನ್ನು ಅರ್ಧಕ್ಕೆ ಒತ್ತಿ ನಿಲ್ಲಿಸಿದಂತೆ ಮೂಗಿನಿಂದ ಹೊರಡುತ್ತದೆ.